ಎಬ್ಬಿಸುವ ಭಾಗ

ಊರಿನ ಮುಖ್ಯಸ್ಥ ಕಪಿತಾನ್ ಎರ್ನಿಂಗ್ ತನ್ನ ಕೈಯಾರೆ ತಂದುಕೊಟ್ಟ ಕಾಫಿಯನ್ನು ತೊಮಾಸಾ ಮೂಗಿನ ಹತ್ತಿರ ಒಯ್ದು ನೋಡಿ, ಕುಡಿಯದೆ, ಜೋಲಿಯ ಕೆಳಗೆ ನೆಲದ ಮೇಲಿಟ್ಟಳು. ಸಕ್ಕರೆ ಸುರಿದಿದ್ದ. ಅವಳು ಸಕ್ಕರೆ ಮುಟ್ಟುವುದಿಲ್ಲ ಎನ್ನುವುದು ಬೆಟ್ಟದ ಈ ಮಗ್ಗುಲಿಗೆಲ್ಲ ಗೊತ್ತು. ಯಾಕೆ ಮುಟ್ಟುವುದಿಲ್ಲ ಎನ್ನುವುದೂ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾದವನು ಎರ್ನಿಂಗ್. ಮರೆತಿದ್ದ. ಇಂಥವರಿಗೆ ಮರೆವು ಬೇಕಾದ ಹೊತ್ತಿಗೆ ಸರಿಯಾಗಿ ಬರುತ್ತದೆ.

"ಕುಡಿ ತೊಮಾಸಾ ಅಕ್ಕ, ಗಂಟಲು ಬೆಚ್ಚಗಾಗ್ಲಿ," ಎಂದ. "ಇವತ್ತು ಇಲ್ಲಿ ನೀನೇ ರಾಣಿ."

"ಆರ್ಲಿ," ಎಂದಳು ತೊಮಾಸಾ.

ಅವನ ಹೊಸ ಮನೆಯ ಮುಂದಿನ ಎರಡು ಸಿಮೆಂಟು ಕಂಬಗಳ ನಡುವೆ ಜೋಲಿ ಕಟ್ಟಿದ್ದರು. ಹಾಡುವವರು ಜೋಲಿಯಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿ, ಒಂದು ಕಾಲಿನಿಂದ ನೆಲ ತಳ್ಳುತ್ತ ಹಾಡಬೇಕು. ನಮ್ಮಲ್ಲಿ ಕೂತು ಹಾಡಿದವರಿಲ್ಲ. ಎಡಗಡೆಯ ಕಂಬಕ್ಕೆ ಎರ್ನಿಂಗ್‌ನ ಮುಖದ ಫ್ಲೆಕ್ಸ್, ಬಲಗಡೆಯದಕ್ಕೂ ಅವನದೇ ಮುಖ. ಅತ್ತ ತೂಗಿದರೂ ಅವನು, ಇತ್ತ ತೂಗಿದರೂ ಅವನು. ಅಂಗಳದಲ್ಲಿ ಬಿದಿರಿಗೆ ಪೋಣಿಸಿದ ಇಡೀ ಹಂದಿ ಕೆಂಡದ ಮೇಲೆ ತಿರುಗುತ್ತಿತ್ತು. ಊರಿಗೆ ಊರೇ ಬಂದು ಬೆಂಚುಗಳ ಮೇಲೆ ಕೂತಿತ್ತು. ಹೋದ ವರ್ಷ ರಸ್ತೆಯ ದುಡ್ಡು ನುಂಗಿದ ಎಂದು ಬೈದವರು, ಬಿರುಗಾಳಿಯ ಪರಿಹಾರದ ಅಕ್ಕಿ ಮಾರಿಕೊಂಡ ಎಂದು ಶಾಪ ಹಾಕಿದವರು, ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಅವನು ಹತ್ತಿರ ಸುಳಿದಾಗಲೆಲ್ಲ ಹಲ್ಲು ಕಿರಿಯುತ್ತಿದ್ದರು.

ಅರವತ್ತು ತುಂಬಿದ ಸಂಭ್ರಮಕ್ಕೆ ಹಂದಿ, ಹೆಂಡ, ಪರದೆ ನೋಡಿ ಹಾಡಲು ಬಾಡಿಗೆಗೆ ತಂದ ವಿಡಿಯೋಕೆ ಪೆಟ್ಟಿಗೆ ಇಷ್ಟೂ ಅವನಿಗೆ ಸಾಲದೆ ಹೋಯಿತು. ನಮ್ಮ ಹಳೆಯ ಕಥೆಯ ವೀರ ಮಾಸುಲಾಗ್‌ನ ಹಾಡಿನಲ್ಲಿ ತನ್ನ ಹೆಸರು ತೊಡಿಸಬೇಕು ಎಂದ. ಹೆಸರು ತೊಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ, ಆದರೆ ಹುಟ್ಟುಹಬ್ಬಕ್ಕಲ್ಲ. ಯಾರಾದರೂ ಹಾಸಿಗೆ ಹಿಡಿದು, ಇನ್ನು ಉಳಿಯುವುದಿಲ್ಲ ಅನ್ನಿಸಿದಾಗ, ಮಾಸುಲಾಗ್ ಎಂದು ಬರುವ ಕಡೆಯಲ್ಲೆಲ್ಲ ಆ ರೋಗಿಯ ಹೆಸರಿಟ್ಟು ಹಾಡುತ್ತಾರೆ. ಗಾಳಿಯನ್ನು ಕದ್ದವರ ಬೆನ್ನಟ್ಟಿ ಮಾಸುಲಾಗ್‌ನ ದೋಣಿ ಮೋಡದ ಮೇಲೆ ಹೋಗುತ್ತದೆ. ಮರಳದಿಬ್ಬದಲ್ಲಿ ಅವನು ಸಾಯುತ್ತಾನೆ. ಅವನ ತಂಗಿ ಗುರಾಣಿಯ ಮೇಲೆ ಕೂತು ಹಾರಿ ಬಂದು, ಎಲೆ ಅಡಿಕೆ ಜಗಿದು, ಆ ಕೆಂಪನ್ನು ಅವನ ಮೇಲೆ ಉಗುಳಿ ಎಬ್ಬಿಸುತ್ತಾಳೆ. ಹಾಡಿನಲ್ಲಿ ಒಮ್ಮೆ ಸತ್ತು ಎದ್ದವನನ್ನು ಸಾವು ಮತ್ತೆ ಮನೆಗೆ ಹುಡುಕಿಕೊಂಡು ಬರುವುದಿಲ್ಲ ಎಂದು ನಂಬಿಕೆ. ಅದಕ್ಕೇ ಅಷ್ಟು ಕಟ್ಟುನಿಟ್ಟು. ಹೆಸರು ತೊಟ್ಟವನು ಸತ್ತು ಬಿದ್ದಿರುವಾಗ ಹಾಡು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಆ ಸಾವು ಅವನಿಗೇ ಅಂಟುತ್ತದೆ. ಅವನು ಏಳುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ, ಅಂಗಳ ದಾಟುವಂತಿಲ್ಲ.

ಎರ್ನಿಂಗ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಗುಂಡುಕಲ್ಲಿನ ಹಾಗಿದ್ದ. ಪಟ್ಟಣದಿಂದ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ಬಂದಿದ್ದಳು. ಅವಳು ತೆಗೆದುಕೊಂಡು ಹೋದ ಹಾಡನ್ನೇ ಮುಂದೆ ಶಾಲೆಯ ಮಕ್ಕಳಿಗೆ ಕಲಿಸುತ್ತಾರೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಅಷ್ಟೇ ಸಾಕಾಯಿತು.

ಅವನು ಇನ್ನೂ ಕಪಿತಾನ್ ಆಗಿರದ, ಬರೀ ಕಬ್ಬು ಕಡಿಯುವ ಗುಂಪಿನ ಮೇಸ್ತ್ರಿಯಾಗಿದ್ದ ಕಾಲದಲ್ಲಿ ತೊಮಾಸಾಳ ಗಂಡ ದೋಮಿಂಗ್ ಅವನ ಲಾರಿ ಹತ್ತಿದ್ದ. ಕಡಲು ದಾಟಿ ನೆಗ್ರೋಸ್ ದ್ವೀಪದ ಕಬ್ಬಿನ ಗದ್ದೆಗೆ ಹೋದವನಿಗೆ ಅಲ್ಲಿ ಜ್ವರ ಬಂತು. ಕಟಾವು ಮುಗಿಯಲಿ, ಆಸ್ಪತ್ರೆಗೆ ಆಮೇಲೆ ಹೋದರಾಯಿತು ಎಂದ ಮೇಸ್ತ್ರಿ. ಕಟಾವಿಗಿಂತ ಮೊದಲು ದೋಮಿಂಗ್ ಮುಗಿದ. ಹೆಣವನ್ನು ಗದ್ದೆಯ ಅಂಚಿನಲ್ಲೇ ಹೂಳಿಸಿ, ಎರ್ನಿಂಗ್ ಬೆಟ್ಟ ಹತ್ತಿ ಬಂದು, ಸತ್ತವನ ಅಂಗಿಯನ್ನೂ ಒಂದು ಮೂಟೆ ಕಂದು ಸಕ್ಕರೆಯನ್ನೂ ಕಂಬಗಳ ಮೇಲೆ ಕಟ್ಟಿದ ಅವಳ ಮನೆಯ ಏಣಿಯ ಬುಡದಲ್ಲಿಟ್ಟು ಹೋದ. ಮಕ್ಕಳು ಹಸಿದಿದ್ದವು. ಮೂಟೆ ಬರಿದಾಗುವವರೆಗೂ ತಿಂದವು. ಅವಳೂ ತಿಂದಳು. ಕೊನೆಗೆ ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದನ್ನೂ ಬೆರಳಿನಿಂದ ತೆಗೆದು ನೆಕ್ಕಿದಳು. ಆಮೇಲೊಂದು ದಿನ ನೀರಿನ ಒರತೆಯ ಹತ್ತಿರ ಕೂತು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು. ಅವತ್ತಿನಿಂದ ಸಕ್ಕರೆಯೆಂದರೆ ಮುಖ ತಿರುಗಿಸುತ್ತಾಳೆ.

ಗಂಡನ ಎಲುಬು ತರಿಸಿಕೊಡಿ ಎಂದು ಅವಳು ಕೇಳದ ಬಾಗಿಲಿಲ್ಲ. ಎಲುಬು ಮನೆಯ ಹಿಂದಿನ ಮಣ್ಣಿಗೆ ಬಂದು ಸೇರದಿದ್ದರೆ ಸತ್ತವನು ಇನ್ನೂ ದಾರಿಯಲ್ಲೇ ಇದ್ದಾನೆ ಎಂದು ನಮ್ಮ ಲೆಕ್ಕ. ಎರ್ನಿಂಗ್ ಪ್ರತಿ ಚುನಾವಣೆಗೂ ತರಿಸುತ್ತೇನೆ ಎನ್ನುತ್ತಿದ್ದ, ಗೆದ್ದ ಮೇಲೆ ಆ ಬೀದಿಗೇ ಬರುತ್ತಿರಲಿಲ್ಲ.

ಹುಟ್ಟುಹಬ್ಬದ ಹಿಂದಿನ ದಿನ ತಂಗಿ ಲುಸಿಂಗ್ ಬಂದು ಏಣಿಯ ಮೇಲೆ ಕೂತು ಗೋಗರೆದಿದ್ದಳು.

"ಒಂದು ಹೆಸರು ತಾನೆ ಅಕ್ಕ. ಬಾಯಿಂದ ಬರುತ್ತೆ, ಗಾಳಿಗೆ ಹೋಗುತ್ತೆ."

"ಗಾಳಿಗೆಲ್ಲಿ ಹೋಗುತ್ತೆ? ಆ ಹುಡುಗಿಯ ಡಬ್ಬಿಗೆ ಹೋಗುತ್ತೆ. ನಾಳೆ ನನ್ನ ಮೊಮ್ಮಕ್ಕಳು ಅವನನ್ನ ವೀರ ಅಂತ ಹಾಡ್ಬೇಕಾ?"

"ನಮ್ಮ ರೋನೆಲ್‌ನ ಈ ಸಲ ಮೇಸ್ತ್ರಿ ಮಾಡ್ತೀನಿ ಅಂದಿದಾನೆ ಕಪಿತಾನ್. ನೀನು ಹಾಡಿದ್ರೆ."

ರೋನೆಲ್ ಲುಸಿಂಗ್‌ನ ಒಬ್ಬನೇ ಮಗ. ತೊಮಾಸಾ ತಂಗಿಯ ಮುಖವನ್ನೇ ನೋಡಿದಳು. "ಕಬ್ಬಿನ ಮೇಸ್ತ್ರಿ," ಎಂದಳು.

"ಹ್ಞೂಂ."

"ನಿನ್ನ ಭಾವನ್ನ ಹೂತ ಕೆಲಸ."

"ಯಾರೋ ಒಬ್ರು ಮಾಡೇ ಮಾಡ್ತಾರಲ್ಲ. ನಮ್ಮ ಹುಡುಗನೇ ಆದ್ರೆ ಒಳ್ಳೇದಲ್ವಾ? ಅಲ್ಲಿ ಹೋದಾಗ ಭಾವನ ಜಾಗಾನೂ ಹುಡುಕ್ತಾನೆ, ನೋಡು."

ತೊಮಾಸಾ ಕೈಯಲ್ಲಿದ್ದ ಅಡಿಕೆಯನ್ನು ಕತ್ತರಿಸಿ ಮುಗಿಸಿದಳು. ಆಮೇಲೆ, "ಹಾಡ್ತೀನಿ ಅಂತ ಹೇಳು ಹೋಗು," ಎಂದಳು. ಲುಸಿಂಗ್ ಅಕ್ಕನ ಕೈಯನ್ನು ಹಣೆಗೆ ಒತ್ತಿಕೊಂಡು, ಆ ವಯಸ್ಸಿನಲ್ಲೂ ಹುಡುಗಿಯ ಹಾಗೆ ಏಣಿ ಇಳಿದು ಓಡಿದಳು.

ಈಗ ಮಧ್ಯಾಹ್ನದ ಬಿಸಿಲಿನಲ್ಲಿ ತೊಮಾಸಾ ಜೋಲಿಗೆ ಒರಗಿ, ಅಮ್ಮನ ಕಾಲದ ಹಿತ್ತಾಳೆಯ ಎಲೆಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಕಾಲು ನೆಲ ತಳ್ಳಿತು. ಜೋಲಿ ಕಿರುಗುಟ್ಟಿತು. ಅಂಗಳದ ಗದ್ದಲ ಅಡಗಿತು.

ಅವಳ ಗಂಟಲಿನ ಬಗ್ಗೆ ಎರಡು ಮಾತಿಲ್ಲ. ದೋಣಿ ಹೊರಡಿಸುವಾಗ ಒಂದೊಂದೇ ಹುಟ್ಟನ್ನು ಹೆಸರು ಹಿಡಿದು ಕರೆಯುತ್ತಾಳೆ, ನಾಯಕನ ಕಿವಿಯ ಬಂಗಾರದಿಂದ ಕಾಲಿನ ಗೆಜ್ಜೆಯವರೆಗೆ ಅವಸರವಿಲ್ಲದೆ ತೊಡಿಸುತ್ತಾಳೆ, ಒಂದೇ ಸಾಲನ್ನು ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ತರುತ್ತಾಳೆ. ಪ್ರತಿ ಸಲವೂ ಅದು ಹೊಸದಾಗಿಯೇ ಕೇಳುತ್ತದೆ. ಆ ಅಲಂಕಾರವೆಲ್ಲ ಅವತ್ತು ಎರ್ನಿಂಗ್‌ನ ಮೈಮೇಲೆ ಬಿತ್ತು. ಮಿಂಚನ್ನು ಸೊಂಟಕ್ಕೆ ಕಟ್ಟಿದ ಎರ್ನಿಂಗ್. ಹೆಜ್ಜೆಯಿಟ್ಟರೆ ಹೊಳೆ ಹಿಂದೆ ಸರಿಯುವ ಎರ್ನಿಂಗ್. ಇವನೋ, ನೆನೆದ ಅವರೆಕಾಳಿನ ಹಾಗೆ ಉಬ್ಬಿ, ಬಿಳಿಯ ಕಸೂತಿ ಅಂಗಿಯ ಗುಂಡಿ ಕಿತ್ತು ಬರುವಂತೆ ಕೂತು, ಕ್ಯಾಮೆರಾದ ಕಡೆಗೊಮ್ಮೆ ಜನರ ಕಡೆಗೊಮ್ಮೆ ನೋಡುತ್ತಿದ್ದ. ಪ್ರತಿ ಹೆಸರಿಗೂ ಜನ "ಹೋಯ್" ಎಂದು ದನಿಗೂಡಿಸಿದರು. ಥೂ, ಆ ಹಾಡು ಕೇಳಿ ಬೆಳೆದ ಯಾರಿಗಾದರೂ ಅವತ್ತು ಕಿವಿ ತೊಳೆದುಕೊಳ್ಳಬೇಕು ಅನ್ನಿಸಬೇಕಿತ್ತು. ಯಾರಿಗೂ ಅನ್ನಿಸಲಿಲ್ಲ. ಹಂದಿಯ ಚರ್ಮ ಕೆಂಪಗಾಗುತ್ತಿತ್ತು, ಎಲ್ಲರ ಕಣ್ಣೂ ಅಲ್ಲಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ಮರಳದಿಬ್ಬ ಮುಟ್ಟಿತು. ಅಲ್ಲಿ ಎರ್ನಿಂಗ್ ಸತ್ತ. ಹಾಡಿನಲ್ಲಿ ಸಾವಿನ ಸಾಲುಗಳು ಕಡಮೆ. ಬಿದ್ದ, ಮರಳು ಕೆಂಪಾಯಿತು, ಹಕ್ಕಿ ಸುದ್ದಿ ಒಯ್ದಿತು, ಅಷ್ಟೇ. ಇವಳು ಹಕ್ಕಿಯನ್ನು ಕಳಿಸಲಿಲ್ಲ. ಹೆಣದ ಹತ್ತಿರವೇ ಕೂತಳು. ಎರ್ನಿಂಗ್‌ನ ಹೊಟ್ಟೆ ಉಬ್ಬಿತು ಎಂದಳು. ನೊಣ ಅವನ ತುಟಿಯ ಮೇಲೆ ಮೊಟ್ಟೆಯಿಟ್ಟವು, ಏಡಿ ಕಿವಿಯಿಂದ ಒಳಗೆ ಹೋಗಿ ಮೂಗಿನಿಂದ ಹೊರಗೆ ಬಂತು, ನಾಯಿ ಬಂದು ಮೂಸಿ ನೋಡಿ ಇದು ಬೇಡ ಎಂದು ಮುಖ ತಿರುಗಿಸಿತು ಎಂದಳು. ರಾಗ ಅದೇ, ಇಂಪೂ ಅದೇ. ಮೊದಮೊದಲು ನಕ್ಕರು. ಆಮೇಲೆ ಬೆಂಚುಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಬಸುರಿ ಬಾಯಿಗೆ ಅಂಗೈ ಒತ್ತಿಕೊಂಡಳು.

ತೊಮಾಸಾಳ ಕಾಲು ನೆಲಕ್ಕೆ ಊರಿತು. ಜೋಲಿ ನಿಂತಿತು. ಅವಳು ಎದ್ದು ಕೂತು ಬಾಯಲ್ಲಿದ್ದ ಎಲೆಯನ್ನು ಆರಿದ ಕಾಫಿಯ ಲೋಟಕ್ಕೆ ಉಗುಳಿದಳು.

"ಆಮೇಲೆ?" ಎಂದ ಎರ್ನಿಂಗ್.

"ಆಮೇಲೆ ಏನು? ನೀನು ಸತ್ತಿದೀಯ."

"ತಮಾಷೆ ಸಾಕಕ್ಕ. ಎಬ್ಬಿಸು. ಹಂದಿ ಆರಿ ಹೋಗುತ್ತೆ."

"ದೋಮಿಂಗ್‌ನ ಎಲುಬು ತಂದುಕೊಡು. ತಂದ ದಿನ ಎಬ್ಬಿಸ್ತೀನಿ."

ಎರ್ನಿಂಗ್ ನಗಲು ನೋಡಿದ, ಯಾರೂ ಜೊತೆಗೂಡಲಿಲ್ಲ. ಒಳಗಿನಿಂದ ಅವನ ಮುದಿ ತಾಯಿ ಗೋಡೆ ಹಿಡಿದುಕೊಂಡು ಬಂದು, "ನನ್ನ ಮಗನ್ನ ಹಾಗೆ ಬಿಟ್ಟುಬಿಡಬೇಡ್ವೇ ತಾಯಿ," ಎಂದು ಅಳಲು ಶುರುವಿಟ್ಟಳು. ಅವನ ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಪಟ್ಟಣಕ್ಕೆ ಹೋಗಿ ಭಾಷಣ ಬಿಗಿದು ಬರುತ್ತಿದ್ದ ಗಂಡಸು, ಎಲ್ಲರೆದುರು, ತನ್ನ ಮಣಿಕಟ್ಟಿನ ನಾಡಿ ತಾನೇ ಹಿಡಿದು ನೋಡಿಕೊಂಡ.

"ತರಿಸ್ತೀನಿ ಅಂದೆನಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

"ಎಲ್ಲಿ ಅಂತ ಹುಡುಕ್ಲಿ? ಎಷ್ಟು ವರ್ಷ ಆಯ್ತು. ಅಲ್ಲಿ ಹೂತೋರು ಅವನೊಬ್ಬನೇನಾ?"

ಅವನ ಬಾಯಿಂದ ಆ ಮಾತು ಜಾರಿತು. ಬೆಂಚುಗಳ ಮೇಲೆ ಕೂತವರಲ್ಲಿ ಕಬ್ಬಿನ ಸೀಮೆಗೆ ಕಳಿಸಿ ಕಳಕೊಂಡವರು ತೊಮಾಸಾ ಒಬ್ಬಳೇ ಆಗಿರಲಿಲ್ಲ. ಆದರೂ ಯಾರೋ ಒಬ್ಬ, "ಸುಮ್ನೆ ಎಬ್ಬಿಸಿಬಿಡು ತೊಮಾಸಾ, ಮಕ್ಕಳು ಹಸಿದಿವೆ," ಎಂದ. ಇನ್ನೊಬ್ಬ ಹೌದು ಹೌದು ಎಂದ. ತೊಮಾಸಾ ಅವರನ್ನೆಲ್ಲ ಒಂದು ಸಲ ನೋಡಿದಳು, ಕೊಳೆತದ್ದನ್ನು ನೋಡಿದ ಹಾಗೆ. ಜೋಲಿಯಿಂದ ಇಳಿದು ಮೆಟ್ಟಿಲ ಮೇಲೆ ಹೋಗಿ ಕೂತಳು. ಅವನನ್ನು ಹೀಗೆಯೇ ಇಟ್ಟುಕೊಂಡು ಎಷ್ಟು ಕಾಲ ಬೇಕಾದರೂ ಕಾಯಬಲ್ಲೆ ಎನ್ನುವ ಹಾಗಿತ್ತು ಅವಳ ಕೂತ ರೀತಿ. ಕಾಯುವುದು ಅವಳಿಗೆ ಹೊಸದಲ್ಲ.

ಒಂದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಚಿಕ್ಕವರಿದ್ದಾಗ ಅಕ್ಕತಂಗಿ ಇಬ್ಬರೂ ಅಮ್ಮನ ಜೋಲಿಯಲ್ಲೇ ಮಲಗಿ ಹಾಡು ಕಲಿತದ್ದು. ಮಾಸುಲಾಗ್ ಸಾಯುವಾಗ ಲುಸಿಂಗ್ ಉಸಿರು ಕಟ್ಟಿ ಅಳುತ್ತಿದ್ದಳು. ಎಷ್ಟು ಸಮಾಧಾನ ಮಾಡಿದರೂ ಕೇಳುತ್ತಿರಲಿಲ್ಲ. ಅದಕ್ಕೆ ಅಮ್ಮ ಅವಳಿಗೆ ಎಬ್ಬಿಸುವ ಭಾಗವನ್ನು ಎಲ್ಲಕ್ಕಿಂತ ಮೊದಲು ಕಲಿಸಿದಳು, ಅತ್ತಾಗ ತಾನೇ ಹಾಡಿಕೊಳ್ಳಲಿ ಎಂದು. ಮುಂದೆ ಲುಸಿಂಗ್ ಬೇರೇನನ್ನೂ ಕಲಿಯಲಿಲ್ಲ. ಇಡೀ ಹಾಡಿನಲ್ಲಿ ಅವಳಿಗೆ ಬರುತ್ತಿದ್ದುದು ಅದೊಂದೇ.

ಲುಸಿಂಗ್ ಬೆಂಚಿನಿಂದ ಎದ್ದಳು. ಜೋಲಿಯ ಹತ್ತಿರ ಹೋಗಿ ಅಮ್ಮನ ಎಲೆಪೆಟ್ಟಿಗೆ ತೆರೆದಳು.

"ಲುಸಿಂಗ್," ಎಂದಳು ತೊಮಾಸಾ.

"ಸತ್ತವರನ್ನ ಹಾಗೆ ಬಿಡಬಾರದಕ್ಕ," ಎಂದಳು ಲುಸಿಂಗ್. ಅಕ್ಕನ ಕಡೆ ನೋಡಲಿಲ್ಲ.

"ನಿನ್ನ ಭಾವನ್ನ ಬಿಟ್ಟಿದೀವಲ್ಲ."

ಲುಸಿಂಗ್ ಎಲೆಗೆ ಸುಣ್ಣ ಸವರಿದಳು. ಸುಣ್ಣ ಅಂಗಿಯ ಮೇಲೂ ಬಿತ್ತು. ಬಾಯಿಗೆ ಹಾಕಿಕೊಂಡು, ಜೋಲಿಯಲ್ಲಿ ಮಲಗಿ, ಕಣ್ಣು ಮುಚ್ಚಿ ದನಿ ತೆಗೆದಳು. ಏಳು ಎರ್ನಿಂಗ್, ನಿದ್ದೆ ಸಾಕು, ಎಲೆ ಮಡಿಸಿದೆ, ಅಡಿಕೆ ಸೀಳಿದೆ, ದೋಣಿ ನಿನ್ನ ಕಾದಿದೆ. ಅದು ಅಮ್ಮನದೇ ದನಿ. ಒಂದು ಏರು ಇಳಿತ ಆಚೆ ಈಚೆ ಇಲ್ಲ. ಕೆಟ್ಟದಾಗಿಯಾದರೂ ಹಾಡಬಾರದಿತ್ತೇ? ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿ ಹಾಡಿದಳು. ಕೊನೆಗೆ ಪದ್ಧತಿಯಂತೆ ಎದ್ದು ಬಂದು ಎರ್ನಿಂಗ್‌ನ ಮೇಲೆ ಕೆಂಪನ್ನು ಉಗುಳಿದಳು. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಬಿಳಿಯ ಅಂಗಿಗೆ ಎಂಜಲು ಇಳಿಯುತ್ತಿರಲು, ಎರ್ನಿಂಗ್ ಎರಡೂ ಕೈ ಎತ್ತಿ, ಹಲ್ಲುಬಿಟ್ಟು ಎದ್ದು ನಿಂತ. ಜನ ಚಪ್ಪಾಳೆ ತಟ್ಟಿದರು. ಕ್ಯಾಮೆರಾದ ಹುಡುಗಿ, ಈ ಭಾಗ ಬಹಳ ಚೆನ್ನಾಗಿ ಬಂತು ಎಂದಳು. ಆ ಎಂಜಲು ಮುಖದಲ್ಲೇ ಅವನು ಕತ್ತಿ ಹಿಡಿದು ಹಂದಿ ಕಡಿದ, ಜನ ತಟ್ಟೆ ಹಿಡಿದು ನೂಕಾಡಿದರು. ಕೊಬ್ಬು ಸವರಿದ ಬೆರಳುಗಳನ್ನು ಚೀಪುತ್ತ, ಮುದುಕಿಗೆ ಎಷ್ಟು ಸೊಕ್ಕು ನೋಡು ಎಂದು ಮಾತಾಡಿಕೊಂಡರು.

ತೊಮಾಸಾ ಖಾಲಿ ಹೊಟ್ಟೆಯಲ್ಲಿ ಬೆಟ್ಟದ ದಾರಿ ಹಿಡಿದಳು. ಎಲೆಪೆಟ್ಟಿಗೆಯನ್ನು ಅಲ್ಲೇ ಬಿಟ್ಟಳು. ಬೇರೊಬ್ಬರ ಬಾಯಿ ಸೇರಿದ್ದನ್ನು ಅವಳು ಮುಟ್ಟುವವಳಲ್ಲ.

ಅಲ್ಲಿಂದ ಮುಂದೆ ಅವಳನ್ನು ಯಾರೂ ಹಾಡಲು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ. ಕಪಿತಾನ್‌ನ ಮನೆಗೆ ಪಟ್ಟಣದವರು ಬಂದಾಗಲೆಲ್ಲ ಲುಸಿಂಗ್ ಹೋಗಿ ಎಬ್ಬಿಸುವ ಭಾಗ ಹಾಡಿ ಬರುತ್ತಿದ್ದಳು. ಶಾಲೆಯಲ್ಲಿ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಳು. ಸಾಯದೆಯೇ ಏಳುತ್ತಿದ್ದ ಎರ್ನಿಂಗ್. ಒರತೆಗೆ ನೀರಿಗೆ ಹೋದ ಹುಡುಗಿಯರು ಕೊಡ ತುಂಬಿಸುತ್ತ ಏಳು ಎರ್ನಿಂಗ್ ಎಂದು ಗುನುಗುವುದು ತೊಮಾಸಾಳ ಮನೆಗೆ ಕೇಳುತ್ತಿತ್ತು. ಅವರಲ್ಲಿ ಅವಳ ಮೊಮ್ಮಗಳೂ ಇದ್ದಳು. ತೊಮಾಸಾ ಕಿಟಕಿಯ ತಟ್ಟಿ ಇಳಿಸಿಬಿಡುತ್ತಿದ್ದಳು.

ರೋನೆಲ್ ಮೇಸ್ತ್ರಿಯಾದ. ಗುಂಪು ಕಟ್ಟಿಕೊಂಡು ಕಡಲು ದಾಟಿದ, ಕಟಾವು ಮುಗಿಸಿ ಬಂದ. ಬಂದವನು ನೇರವಾಗಿ ದೊಡ್ಡಮ್ಮನ ಮನೆಗೇ ಹತ್ತಿ ಬಂದ, ಅದನ್ನು ಹೇಳಲೇಬೇಕು. ಹೆಗಲ ಮೇಲೆ ಒಂದು ಮೂಟೆಯಿತ್ತು. ಮೂಟೆ ಕಂಡು ತೊಮಾಸಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸಿಕ್ಕಿದ್ರಾ?" ಎಂದಳು.

ರೋನೆಲ್ ಮೂಟೆಯನ್ನು ಏಣಿಯ ಬುಡದಲ್ಲಿ ಇಳಿಸಿ ತಲೆ ತಗ್ಗಿಸಿದ. "ಹುಡುಕಿದೆ ದೊಡ್ಡಮ್ಮ. ನಿಜವಾಗ್ಲೂ ಹುಡುಕಿದೆ. ಒಬ್ಬ ಮುದುಕ ಗಾಡಿಯವನಿಗೆ ನೆನಪಿತ್ತು, ಕರ್ಕೊಂಡು ಹೋಗಿ ತೋರಿಸಿದ. ಅಂಚು ಗಿಂಚು ಏನೂ ಉಳಿದಿಲ್ಲ. ಟ್ರ್ಯಾಕ್ಟರ್ ಹೊಡೆದು ಎಲ್ಲಾ ಒಂದೇ ಮಾಡಿದಾರೆ. ಆವಾಗಿಂದ ಅದರ ಮೇಲೆ ಕಬ್ಬೇ ಬೆಳೀತಿದಾರೆ."

"ಇದೇನು ಮತ್ತೆ?"

"ಸಕ್ಕರೆ. ಬರಿಗೈಲಿ ಹೇಗೆ ಬರ್ಲಿ ಅಂತ." ಮೂಟೆಯ ಮೇಲಿನ ಧೂಳು ಒರೆಸಿ, "ಅದೇ ಗದ್ದೇದು," ಎಂದ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ. ತೊಮಾಸಾ ಮೂಟೆಯನ್ನೇ ನೋಡುತ್ತ ನಿಂತಳು. ಅವಳ ಕೈ ಬಾಯಿಗೆ ಹೋಯಿತು. ಒರತೆಯ ಕಡೆಗೆ ಓಡುತ್ತಾಳೆ ಎಂದುಕೊಂಡ ರೋನೆಲ್. ಅವಳು ಓಡಲಿಲ್ಲ. ಗುದ್ದಲಿ ತಂದು, ಮನೆಯ ಹಿಂದೆ ಅಮ್ಮನನ್ನು ಹೂತ ಮಣ್ಣಿನ ಪಕ್ಕದಲ್ಲಿ ಅಗೆಯತೊಡಗಿದಳು. ರೋನೆಲ್ ಗುದ್ದಲಿಗೆ ಕೈ ಚಾಚಿದ. ಕೊಡಲಿಲ್ಲ. ಅವನು ಅವ್ವನನ್ನು ಕರೆದುಕೊಂಡು ಬರಲು ಓಡಿದ.

ಲುಸಿಂಗ್ ಏದುಸಿರು ಬಿಡುತ್ತ ಬರುವಾಗ ಗುಂಡಿ ಮೊಣಕಾಲಿನ ಆಳವಾಗಿತ್ತು. ಮೂಟೆ ಅದರೊಳಗೆ ಮಲಗಿತ್ತು. ಅದರ ಮೇಲೆ ಬಣ್ಣ ಹೋದ ಅಂಗಿಯೊಂದನ್ನು ತೋಳು ಚಾಚಿ ಹಾಸಿತ್ತು. ದೋಮಿಂಗ್‌ನ ಅಂಗಿ. ಅದನ್ನು ಲುಸಿಂಗ್ ಗುರುತು ಹಿಡಿದಳು, ಅದರ ಕಾಲರು ಹೊಲಿದವಳು ಅವಳೇ. ಹೆಸರು ತೊಡಿಸಿದ ದಿನದಿಂದ ಅಕ್ಕತಂಗಿ ಮಾತಾಡಿರಲಿಲ್ಲ.

"ಬಾ," ಎಂದಳು ತೊಮಾಸಾ. "ನಿನ್ನ ಭಾಗ ಹಾಡು."

ಲುಸಿಂಗ್ ಹೆದರಿ ಮಗನ ಕಡೆ ನೋಡಿದಳು.

"ಸತ್ತವರನ್ನ ಹಾಗೆ ಬಿಡಬಾರದು ಅಂದೆಯಲ್ಲ. ಎಬ್ಬಿಸು."

ಲುಸಿಂಗ್ ಸೊಂಟದಿಂದ ಅಮ್ಮನ ಎಲೆಪೆಟ್ಟಿಗೆ ತೆಗೆದಳು. ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಜೋಲಿಯಿಲ್ಲದ್ದಕ್ಕೆ ತಾನೇ ಹಿಂದೆ ಮುಂದೆ ತೂಗುತ್ತ ಕಣ್ಣು ಮುಚ್ಚಿದಳು. ಕಣ್ಣೀರು ಆಗಲೇ ಇಳಿಯುತ್ತಿತ್ತು. ದನಿ ಎದ್ದಿತು, ಅಮ್ಮನದೇ ದನಿ.

"ಏಳು, ಎರ್ನಿಂ…"

ಬಾಯಿ ತೆರೆದಂತೆಯೇ ನಿಂತುಬಿಟ್ಟಳು. ಕೆಂಪು ಗಲ್ಲದ ಮೇಲೆ ಇಳಿಯಿತು. ಮತ್ತೆ ಶುರುಮಾಡಲು ಉಸಿರೆಳೆದಳು. ಬರೀ ಗಾಳಿ ಹೊರಬಂತು. ರೋನೆಲ್ ಮುಖ ಆಚೆ ತಿರುಗಿಸಿದ. ಕೆಳಗೆ ಒರತೆಯಲ್ಲಿ ಯಾರೋ ಕೊಡ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

ತೊಮಾಸಾ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣೆಳೆಯತೊಡಗಿದಳು. ಅಂಗಿಯ ಒಂದು ತೋಳು ಇನ್ನೂ ಹೊರಗಿತ್ತು. ಮೂಟೆಯ ಹೊಲಿಗೆಯ ವಾಸನೆ ಹಿಡಿದು ಬಂದ ಇರುವೆಗಳು ಅದರ ಮೇಲೆ ಸಾಲುಗಟ್ಟಿ ಹತ್ತುತ್ತಿದ್ದವು, ಒಂದೊಂದೂ ಬಾಯಲ್ಲಿ ಒಂದೊಂದು ಹರಳು ಕಚ್ಚಿಕೊಂಡು ಇಳಿಯುತ್ತಿದ್ದವು.